ಗಿಡ ನೆಟ್ಟು ಸೆಲ್ಫಿ ತೆಗೆದುಕೊಂಡು ಹೋದವರು ಮತ್ತೆ ಬರಬೇಕಾದರೆ

ಪ್ರಶ್ನೆ: ನಾನು ಬೆಂಗಳೂರಿನ ಪೂರ್ವ ಭಾಗದ ಒಂದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. 2022ರ ಮಳೆಯಲ್ಲಿ ನಮ್ಮ ತಗ್ಗಿನ ಮೂರು ಕ್ರಾಸ್‌ಗಳ ಮನೆಗಳಿಗೆ ನೀರು ನುಗ್ಗಿತ್ತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಹಿಂದೆ ಓಡಿದೆವು. ಬದಲಾಗುತ್ತಿರುವ ಹವಾಮಾನಕ್ಕೆ ನಗರಗಳು ತಯಾರಾಗಬೇಕು, ಅದರಲ್ಲಿ ಯುವಜನ ಮುಂದಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾವೂ ಪ್ರತಿ ಜೂನ್ 5ಕ್ಕೆ ಹತ್ತಿರದ ಕಾಲೇಜಿನ ಮಕ್ಕಳನ್ನು ಕರೆಯುತ್ತೇವೆ. ಬರುತ್ತಾರೆ, ಗಿಡ ನೆಡುತ್ತಾರೆ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಮುಂದಿನ ಜೂನ್‌ವರೆಗೆ ಪತ್ತೆ ಇಲ್ಲ. ಅವರನ್ನು ಉಳಿಸಿಕೊಳ್ಳುವುದು ಹೇಗೆ? ಸರ್ಟಿಫಿಕೇಟ್ ಕೊಟ್ಟರೆ ಸಾಕಾ, ದುಡ್ಡು ಕೊಡಬೇಕಾ? ಅಷ್ಟಕ್ಕೂ ಕಾಲುವೆ, ನೀರು ಎಲ್ಲ ಸರ್ಕಾರದ ಕೆಲಸ ಅಲ್ವಾ? ಹುಡುಗರಿಂದ ಏನಾಗುತ್ತದೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೌದು, ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಸರ್ಕಾರದ ಕೆಲಸವೇ. ಅದನ್ನು ಹುಡುಗರ ತಲೆಗೆ ಕಟ್ಟಬಾರದು. ಆದರೆ ನಿಮ್ಮ ತಗ್ಗಿನ ಕ್ರಾಸ್ ಎಷ್ಟು ಮಳೆಗೆ ಮುಳುಗುತ್ತದೆ, ನೀರು ಯಾವ ಕಡೆಯಿಂದ ಬರುತ್ತದೆ, ಯಾವ ಕಲ್ವರ್ಟ್ (ರಸ್ತೆಯಡಿಯ ಮೋರಿ) ಕೆಳಗೆ ಎಷ್ಟು ಹೂಳು ನಿಂತಿದೆ ಅನ್ನುವುದು ಯಾವ ಇಲಾಖೆಯ ಕಡತದಲ್ಲೂ ಬೀದಿ ಬೀದಿ ಲೆಕ್ಕದಲ್ಲಿ ಸಿಗುವುದಿಲ್ಲ. ಅದನ್ನು ಹುಡುಕಿ ಬರೆದಿಡಲು ಕಾಲಲ್ಲಿ ಶಕ್ತಿ, ಕೈಯಲ್ಲಿ ಫೋನು, ಸ್ವಲ್ಪ ಹಠ ಬೇಕು. ಮೂರೂ ಇಪ್ಪತ್ತರ ವಯಸ್ಸಿನವರ ಹತ್ತಿರ ಇವೆ.

ಅವರು ಮತ್ತೆ ಬರುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ನೀವು ಕರೆದದ್ದು ಒಂದು ದಿನದ ಕೆಲಸಕ್ಕೆ. ಅದು ಆ ದಿನವೇ ಮುಗಿಯಿತು. ಮತ್ತೆ ಯಾಕೆ ಬರಬೇಕು? ಗಿಡ ನೆಡುವುದಕ್ಕೆ ಒಂದು ಗಂಟೆ, ಅದಕ್ಕೆ ನೀರು ಹಾಕುವುದಕ್ಕೆ ಎರಡು ಮೂರು ಬೇಸಿಗೆ. ಆ ಎರಡು ಮೂರು ಬೇಸಿಗೆಯ ಕೆಲಸಕ್ಕೆ ಯಾರನ್ನಾದರೂ ಕೇಳಿದ್ದೀರಾ? ಮಕ್ಕಳ ಸಹಭಾಗಿತ್ವವನ್ನು ಏಣಿಯ ಮೆಟ್ಟಿಲುಗಳ ಹಾಗೆ ವಿಂಗಡಿಸಿದ ರೋಜರ್ ಹಾರ್ಟ್ ಅನ್ನುವ ತಜ್ಞರು ಕೆಳಗಿನ ಮೆಟ್ಟಿಲುಗಳಲ್ಲಿ ಒಂದಕ್ಕೆ ‘ಅಲಂಕಾರ’ ಅಂತಲೇ ಹೆಸರಿಟ್ಟಿದ್ದಾರೆ. ಟೀಶರ್ಟ್ ಹಾಕಿಸಿ, ಬ್ಯಾನರ್ ಹಿಂದೆ ನಿಲ್ಲಿಸಿ, ಫೋಟೊ ತೆಗೆಯುವುದು. ನಮ್ಮ ಪರಿಸರ ದಿನಾಚರಣೆಗಳಲ್ಲಿ ಜಾಸ್ತಿ ಭಾಗ ಇದೇ ಮೆಟ್ಟಿಲಲ್ಲಿ ಕೂತಿವೆ. ಹುಡುಗರಿಗೆ ಅದು ಗೊತ್ತಾಗುತ್ತದೆ. ಅದಕ್ಕೇ ಅವರೂ ಸೆಲ್ಫಿಗೆ ಮುಗಿಸುತ್ತಾರೆ.

ನನ್ನ ಸಲಹೆ ಇಷ್ಟೇ: ಅವರಿಗೆ ಒಂದು ಜಾಗ ಕೊಡಿ, ಆ ಜಾಗದಲ್ಲಿ ಅವರ ಕೈಯಿಂದಲೇ ಅಳೆಯಬೇಕಾದ ಒಂದು ವಿಷಯ ಕೊಡಿ, ಅಳೆದದ್ದಕ್ಕೆ ಉತ್ತರ ಕೊಡಲೇಬೇಕಾದ ಒಬ್ಬ ಅಧಿಕಾರಿಯ ಮುಂದೆ ಕೂರಿಸಿ. ಮೂರನೆಯದು ಇಲ್ಲದಿದ್ದರೆ ಮೊದಲ ಎರಡು ಕಾಲೇಜು ಪ್ರಾಜೆಕ್ಟ್ ಆಗಿ ಉಳಿಯುತ್ತವೆ.

ಯಾವ ಕೆಲಸ ಅನ್ನುವುದಕ್ಕೆ ಮುಂಚೆ ಒಂದು ವಿಷಯ ಸ್ಪಷ್ಟ ಇರಲಿ. ಹವಾಮಾನ ಬದಲಾವಣೆ ಅಂದ ಕೂಡಲೇ ಹೊಗೆ ಕಡಿಮೆ ಮಾಡುವುದು, ಸೈಕಲ್, ಸೋಲಾರ್ ಅಂತ ಮಾತು ಹೋಗುತ್ತದೆ. ಅದು ಬೇಕೇ ಬೇಕು. ಆದರೆ ನೀವು ಕೇಳುತ್ತಿರುವುದು ಇನ್ನೊಂದು ಕೆಲಸ. ಈಗಾಗಲೇ ಬಂದಿರುವ ಬಿಸಿಲು, ಮಳೆ, ಬರಗಳನ್ನು ನಗರ ತಡೆದುಕೊಳ್ಳುವ ಹಾಗೆ ಮಾಡುವುದು. ಬೆಂಗಳೂರಿಗೆ 2024 ಇದನ್ನು ಐದೇ ವಾರದಲ್ಲಿ ತೋರಿಸಿಕೊಟ್ಟಿತು. ಏಪ್ರಿಲ್ 28ರಂದು 38.5 ಡಿಗ್ರಿ ಬಿಸಿಲು. ಏಪ್ರಿಲ್ ತಿಂಗಳ ಮಟ್ಟಿಗೆ 2016ರ 39.2 ಡಿಗ್ರಿ ಬಿಟ್ಟರೆ ಇದೇ ದಾಖಲೆ. ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಮಳೆ. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಇದ್ದ ದಾಖಲೆ ಅವತ್ತು ಮುರಿಯಿತು. ಮಾರ್ಚ್‌ನಲ್ಲಿ ಕೊಡ ಹಿಡಿದು ನಿಂತವರು ಜೂನ್‌ನಲ್ಲಿ ಅದೇ ಕೊಡದಿಂದ ಮನೆಯ ನೀರು ಮೊಗೆದು ಹೊರಗೆ ಹಾಕಿದರು.

ಹುಡುಗರ ಜೊತೆ ಮೊದಲ ಸಭೆಯಲ್ಲಿ ನಾನು ಭಾಷಣ ಮಾಡುವುದಿಲ್ಲ. ಒಂದು ಲೆಕ್ಕ ಮಾಡಿಸುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಈ ಒಂದು ಸಾಲು ಸಾಕು. ಸಾವಿರ ಚದರಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್. ಜೂನ್ 2ರಂಥ ಮಳೆ ನಿಮ್ಮ ಬೀದಿಯಲ್ಲಿ ಬಿದ್ದರೆ ಆ ಒಂದು ತಾರಸಿಯಿಂದ 10,300 ಲೀಟರ್. ಆರು ಸಾವಿರ ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಒಂದೂಮುಕ್ಕಾಲು ಟ್ಯಾಂಕರ್. ಅದೇ ವರ್ಷ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಆರು ಸಾವಿರ ಲೀಟರ್‌ಗೆ ಐದು ಕಿ.ಮೀ. ಒಳಗೆ 600 ರೂಪಾಯಿ ಅಂತ ದರ ಕಟ್ಟಬೇಕಾಗಿ ಬಂದಿತ್ತು ಅನ್ನುವುದು ನಿಮಗೆ ನೆನಪಿರಬಹುದು. ಈಗ ಬೀದಿಯಲ್ಲಿ ನಲವತ್ತು ಮನೆ ಇದ್ದರೆ? ನಾಲ್ಕು ಲಕ್ಷ ಲೀಟರ್ ದಾಟುತ್ತದೆ. ಅಷ್ಟೂ ಪೈಪಿನಲ್ಲಿ ಇಳಿದು, ರಸ್ತೆಗೆ ಬಂದು, ನಿಮ್ಮ ತಗ್ಗಿನ ಕ್ರಾಸ್‌ಗೆ ಹೋಗುತ್ತದೆ. ಟ್ಯಾಂಕರ್ ಸಮಸ್ಯೆ ಮತ್ತು ಪ್ರವಾಹದ ಸಮಸ್ಯೆ ಒಂದೇ ನೀರಿನದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಲೆಕ್ಕ ಮುಗಿಯುವ ಹೊತ್ತಿಗೆ ಒಬ್ಬಳಾದರೂ ಹುಡುಗಿ ತಾನೇ ಹೇಳುತ್ತಾಳೆ. ಅವಳನ್ನು ತಂಡದ ಮುಂದಾಳು ಮಾಡಿ.

ಆಮೇಲೆ ಸಹಜವಾಗಿ ಬರುವ ಪ್ರಶ್ನೆ: ನಮ್ಮ ಬೀದಿಯಲ್ಲಿ ಎಷ್ಟು ಮನೆಯಲ್ಲಿ ಮಳೆನೀರು ಕೊಯ್ಲು ಇದೆ? ಬೆಂಗಳೂರಿನಲ್ಲಿ 2009ರಿಂದ ಇದು ಕಾನೂನು. 60x40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೇ ಮನೆಗಳಿಗೂ, 30x40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೂ ಕಡ್ಡಾಯ. ಕಾಗದದ ಮೇಲೆ ಎಷ್ಟು ಇದೆ ಅನ್ನುವುದು ಬೇರೆ, ಫಿಲ್ಟರ್ ತೊಳೆದು ಎಷ್ಟು ವರ್ಷವಾಯಿತು ಅನ್ನುವುದು ಬೇರೆ. ಪೈಪು ಇಳಿದು ಇಂಗುಬಾವಿಗೆ ಹೋಗುತ್ತಿದೆಯಾ, ಇಲ್ಲಾ ಮಧ್ಯದಲ್ಲೇ ಕತ್ತರಿಸಿ ರಸ್ತೆಗೆ ಬಿಟ್ಟಿದ್ದಾರಾ? ಮನೆ ಮನೆ ಗೇಟು ತಟ್ಟಿ ಕೇಳಬೇಕು. ಸಂಘದ ಹಿರಿಯರು ಕೇಳಿದರೆ ಜಗಳ ಆಗುತ್ತದೆ. ಕಾಲೇಜು ಹುಡುಗಿ ನೋಟ್‌ಬುಕ್ ಹಿಡಿದು ‘ಅಂಕಲ್, ಪ್ರಾಜೆಕ್ಟ್‌ಗೆ’ ಅಂದರೆ ತಾರಸಿವರೆಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಇದನ್ನು ಬಳಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಇಂಗುಬಾವಿ ತೋಡಿಸುವ ಮನೆ ಸಿಕ್ಕರೆ ಹುಡುಗರನ್ನು ಅವತ್ತು ಅಲ್ಲಿ ನಿಲ್ಲಿಸಿ. ಬೆಂಗಳೂರಿನ ಸುತ್ತ ಬಾವಿ ತೋಡುವ ಮಣ್ಣು ವಡ್ಡರ ಕುಟುಂಬಗಳು ಇವತ್ತಿಗೂ ಈ ಕೆಲಸ ಮಾಡುತ್ತಿವೆ. ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಜೀವ ಬಂದದ್ದು ಅವರ ಕೈಯಿಂದ. ಮೂರಡಿ ಅಗಲದ ಗುಂಡಿಯೊಳಗೆ ಇಳಿದು, ಇಪ್ಪತ್ತಡಿವರೆಗೆ ತೋಡುತ್ತಾ, ರಿಂಗು ಇಳಿಸುತ್ತಾ ಹೋಗುವವರ ಹತ್ತಿರ ಮಣ್ಣಿನ ಬಣ್ಣ ನೋಡಿ ‘ಇಲ್ಲಿ ನೀರು ಇಂಗುತ್ತೆ, ಇಲ್ಲಿ ಇಂಗಲ್ಲ’ ಅನ್ನುವ ವಿದ್ಯೆ ಇದೆ. ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗನಿಗೆ ಅರ್ಧ ದಿನದಲ್ಲಿ ಇದಕ್ಕಿಂತ ಒಳ್ಳೆ ಪಾಠ ಸಿಗಲಾರದು. ಬಾವಿ ತೋಡುವವರಿಗೆ ಅವತ್ತಿನ ಪಾಠಕ್ಕೆ ಬೇರೆ ಕೂಲಿ ಕೊಡಿ, ಸುಮ್ನೆ ಮಾತಾಡಿಸಿಕೊಂಡು ಕಳಿಸಬೇಡಿ.

ಈಗ ಮುಖ್ಯ ಕೆಲಸ. ನಿಮ್ಮ ಬೀದಿಯ ಮುಳುಗುವ ಲೆಕ್ಕ.

ಎರಡು ಲೀಟರ್‌ನ ತಂಪು ಪಾನೀಯದ ಬಾಟಲಿ ತೆಗೆದುಕೊಳ್ಳಿ. ಮೇಲಿನ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿ. ತಳ ಉಬ್ಬುತಗ್ಗು ಇರುತ್ತದೆ, ಅಲ್ಲಿಗೆ ನಾಲ್ಕು ಕಲ್ಲು ಹಾಕಿ, ಬಾಟಲಿ ನೇರವಾಗುವ ಜಾಗದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಮಾಡಿ. ಮೇಲೆ ಒಂದು ಸ್ಕೇಲ್ ಅಂಟಿಸಿ. ಮಳೆಮಾಪಕ ತಯಾರು. ಮರ, ಗೋಡೆಗಳಿಂದ ದೂರ ಬಯಲಿನಲ್ಲಿ, ಇಲ್ಲವೇ ತಾರಸಿಯ ಮಧ್ಯೆ ಇಡಿ. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ನೀವೂ ಅದೇ ಹೊತ್ತಿಗೆ ಬರೆದುಕೊಂಡರೆ ಹೋಲಿಸಲು ಸುಲಭ. ಆದರೆ ಬೀದಿ ಮುಳುಗುವುದು ದಿನದ ಮಳೆಯಿಂದಲ್ಲ, ಅರ್ಧ ಗಂಟೆಯ ಮಳೆಯಿಂದ. ಹಾಗಾಗಿ ಜೋರು ಮಳೆ ಶುರುವಾದರೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬಾಟಲಿಯ ಫೋಟೊ. ಸಿಡಿಲು ಇದ್ದರೆ ತಾರಸಿಗೆ ಹೋಗಬಾರದು, ಬಾಟಲಿಯನ್ನು ಕಿಟಕಿಯಿಂದ ಕಾಣುವ ಹಾಗೆ ಇಟ್ಟರಾಯಿತು.

ಇನ್ನೊಬ್ಬ ತಗ್ಗಿನ ಕ್ರಾಸ್‌ನಲ್ಲಿ ಇರುವವನು. ಅವನ ಕೆಲಸ ಮನೆಯೊಳಗಿನಿಂದಲೇ ಎದುರು ಕಾಂಪೌಂಡ್ ನೋಡುವುದು. ಕಾಂಪೌಂಡ್ ಗೋಡೆಗೆ ಮೊದಲೇ ಹಳದಿ ಬಣ್ಣದಲ್ಲಿ ಅರ್ಧ ಅಡಿ, ಒಂದಡಿ, ಒಂದೂವರೆ ಅಡಿ ಗೀಟು ಹಾಕಿರುತ್ತೀರಿ. ನೀರು ಯಾವ ಗೀಟಿಗೆ ಎಷ್ಟು ಹೊತ್ತಿಗೆ ಬಂತು ಅಂತ ಗುಂಪಿನಲ್ಲಿ ಹಾಕುತ್ತಾನೆ. ಎರಡು ಮಳೆಗಾಲ ಹೀಗೆ ಬರೆದಿಟ್ಟರೆ ಒಂದು ಸಾಲು ಸಿಗುತ್ತದೆ: ಅರ್ಧ ಗಂಟೆಯಲ್ಲಿ ಇಷ್ಟು ಮಿ.ಮೀ. ದಾಟಿದರೆ, ಇನ್ನು ಇಷ್ಟು ನಿಮಿಷದಲ್ಲಿ ಮೂರನೇ ಕ್ರಾಸ್‌ಗೆ ನೀರು. ಆ ಸಾಲು ಸಿಕ್ಕ ದಿನ ನಿಮ್ಮ ಬಡಾವಣೆಗೆ ಸ್ವಂತ ಮುನ್ನೆಚ್ಚರಿಕೆ ವ್ಯವಸ್ಥೆ ಬಂದ ಹಾಗೆ. ಸ್ಕೂಟರ್ ಮೇಲಿನ ರಸ್ತೆಗೆ ತರಬಹುದು, ನೆಲಮಹಡಿಯ ಅಜ್ಜಿಯನ್ನು ಮೇಲಕ್ಕೆ ಕರೆದುಕೊಂಡು ಹೋಗಬಹುದು, ಸಂಪಿನ ಮುಚ್ಚಳ ಭದ್ರ ಮಾಡಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಗರದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ‘ಬೆಂಗಳೂರು ಮೇಘ ಸಂದೇಶ’ ಅನ್ನುವ ಆ್ಯಪ್ ಕೂಡ ಇದೆ. ಅದನ್ನೂ ನೋಡಿ. ಅದು ನಿಮ್ಮ ಪ್ರದೇಶದ ಮಳೆ ಹೇಳುತ್ತದೆ, ನಿಮ್ಮ ಮೂರನೇ ಕ್ರಾಸ್‌ನ ಹಣೆಬರಹ ಹೇಳುವುದಿಲ್ಲ.

2022ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅನ್ನುವುದನ್ನೂ ಈಗಲೇ ಗುರುತು ಹಾಕಿಸಿ. ಮನೆ ಮನೆಗೆ ಹೋಗಿ ಕೇಳಿ. ಜನ ಬಾಗಿಲು, ಫ್ರಿಜ್ಜು, ದೇವರ ಮನೆಯ ಮೆಟ್ಟಿಲು ತೋರಿಸಿ ಹೇಳುತ್ತಾರೆ. ಆ ಎತ್ತರ ಅಳೆದು ಬರೆದುಕೊಳ್ಳಿ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಈ ಮಾಹಿತಿ ಯಾರೂ ಕೊಡುವುದಿಲ್ಲ. ಮನೆ ಮಾಲೀಕರಂತೂ ಖಂಡಿತ ಕೊಡುವುದಿಲ್ಲ, ಬಿಡಿ.

ನೀರು ಎಲ್ಲಿಂದ ಬರುತ್ತದೆ ಅನ್ನುವುದು ಇನ್ನೊಂದು ತಂಡಕ್ಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಬ್ಬದ ಮೇಲಿದೆ. ನೀರು ಮೂರು ಮುಖ್ಯ ಕಣಿವೆಗಳಲ್ಲಿ ಇಳಿಯುತ್ತದೆ: ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಹಿಂದೆ ಇದನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಈಗ ಕೆರೆಯೂ ಕಡಿಮೆ, ಕಾಲುವೆಯೂ ಕಡಿಮೆ. ಮಹಾಲೇಖಪಾಲರ ವರದಿ ಹೇಳುವ ಪ್ರಕಾರ ವೃಷಭಾವತಿ ಕಣಿವೆಯಲ್ಲಿ ಕಳೆದ ಶತಮಾನದ ಶುರುವಿನಲ್ಲಿ ಸುಮಾರು 226 ಕಿ.ಮೀ. ಇದ್ದ ಕಾಲುವೆ 2016-17ರ ಹೊತ್ತಿಗೆ 112 ಕಿ.ಮೀ.ಗೆ ಇಳಿದಿತ್ತು. ಅರ್ಧಕ್ಕರ್ಧ. ನೀರು ಮಾತ್ರ ಹಳೇ ದಾರಿ ಮರೆತಿಲ್ಲ.

ಇದನ್ನು ಹುಡುಗರಿಗೆ ತೋರಿಸಲು ಒಳ್ಳೆ ಸಾಧನ ನಮ್ಮ ಸರ್ಕಾರದ್ದೇ ‘ದಿಶಾಂಕ್’ ಆ್ಯಪ್. ರಸ್ತೆ ಮೇಲೆ ನಿಂತರೆ ಕಾಲ ಕೆಳಗಿನ ಜಮೀನಿನ ಸರ್ವೆ ನಂಬರ್ ತೋರಿಸುತ್ತದೆ, ಗ್ರಾಮ ನಕ್ಷೆಯ ಕೆರೆ, ಕಾಲುವೆ ಕಾಣುತ್ತದೆ. ಒಂದು ಭಾನುವಾರ ಬೆಳಿಗ್ಗೆ ಮೇಲಿನ ಕೆರೆಯ ಕೋಡಿಯಿಂದ ಶುರು ಮಾಡಿ ಕೆಳಗಿನ ಕೆರೆವರೆಗೆ ಕಾಲುವೆ ಪಕ್ಕದಲ್ಲೇ ನಡೆಸಿ. ಎಲ್ಲಿ ಅಗಲ ಎಷ್ಟು, ಎಲ್ಲಿ ಕಸ, ಯಾವ ಕಲ್ವರ್ಟ್‌ನಲ್ಲಿ ಕೇಬಲ್ಲು ಪೈಪು ಅಡ್ಡ ಬಂದಿವೆ, ಎಲ್ಲಿ ಕಾಲುವೆ ಸುಮ್ಮನೆ ಮಾಯವಾಗಿದೆ, ಎಲ್ಲದರ ಫೋಟೊ, ಜಾಗದ ಗುರುತಿನ ಸಮೇತ. ಒಂದು ಎಚ್ಚರಿಕೆ: ಆ್ಯಪ್ ನೋಡಿ ‘ನಿಮ್ಮ ಮನೆ ಒತ್ತುವರಿ’ ಅಂತ ಯಾರ ಗೇಟಿನ ಮುಂದೆಯೂ ಹೇಳಕೂಡದು. ಅದನ್ನು ತೀರ್ಮಾನಿಸುವುದು ಸರ್ವೆಯರ್ ಮತ್ತು ತಹಶೀಲ್ದಾರರ ಕೆಲಸ. ನಿಮ್ಮ ಹುಡುಗರು ‘ಇಲ್ಲಿ ನಕ್ಷೆಯಲ್ಲಿ ಕಾಲುವೆ ಇದೆ, ನೆಲದಲ್ಲಿ ಕಾಣುತ್ತಿಲ್ಲ’ ಅಂತ ಬರೆದರೆ ಸಾಕು.

ಕಾಲುವೆಗೆ ಇಳಿಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. ‘ಯುವಕರಿಂದ ಚರಂಡಿ ಸ್ವಚ್ಛತೆ’ ಅನ್ನುವ ಸುದ್ದಿ ಪತ್ರಿಕೆಯಲ್ಲಿ ಬರುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಅದರಲ್ಲಿ ಒಳಚರಂಡಿ ನೀರು, ಗಾಜು, ಸೂಜಿ ಎಲ್ಲ ಇರುತ್ತದೆ. ಹೂಳು ತೆಗೆಯಲು ಟೆಂಡರ್ ಆಗಿರುತ್ತದೆ, ಯಂತ್ರ ಇರುತ್ತದೆ, ಅವರೇ ತೆಗೆಯಲಿ. ಮಳೆ ಬರುವಾಗ ಕಾಲುವೆ ದಂಡೆಗೆ ಹೋಗುವುದೂ ಬೇಡ. ಹದಿನೆಂಟು ತುಂಬದವರು ಇದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ಇರಲಿ, ಒಬ್ಬರು ದೊಡ್ಡವರು ಜೊತೆಗೆ ಇರಲಿ.

ಇಷ್ಟು ಹೊತ್ತು ಕಾಲೇಜು ಮಕ್ಕಳ ಬಗ್ಗೆಯೇ ಮಾತಾಡಿದೆ. ನಿಮ್ಮ ಪ್ರಶ್ನೆಯಲ್ಲೂ ಯುವಜನ ಅಂದರೆ ಕಾಲೇಜಿನಿಂದ ಬಸ್ಸಲ್ಲಿ ಬರುವವರು ಅಂತಲೇ ಇದೆ. ನಿಮ್ಮದೇ ಬಡಾವಣೆಯಲ್ಲಿ ಎಷ್ಟು ಪಿಜಿಗಳಿವೆ ಎಣಿಸಿದ್ದೀರಾ? ಪೂರ್ವ ಬೆಂಗಳೂರಿನ ಯಾವ ಬಡಾವಣೆ ಆದರೂ ಸರಿ, ಅಲ್ಲಿನ ಇಪ್ಪತ್ತು ಮೂವತ್ತರ ಮಧ್ಯದವರು ಪಿಜಿಯಲ್ಲಿ, ಬಾಡಿಗೆ ಮನೆಯಲ್ಲಿ, ಶೀಟ್ ಮನೆಗಳಲ್ಲಿ ಇರುತ್ತಾರೆ. ನೀರು ನುಗ್ಗುವುದು ಮೊದಲು ಅವರ ನೆಲಮಹಡಿ ಕೋಣೆಗೆ. ಟ್ಯಾಂಕರ್ ಬರದಿದ್ದರೆ ಸ್ನಾನ ತಪ್ಪುವುದೂ ಅವರಿಗೇ. ಈಗ ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ನಿಮ್ಮ ಸಂಘದ ಬೈಲಾದಲ್ಲಿ ಬಾಡಿಗೆದಾರರಿಗೆ ಸದಸ್ಯತ್ವ ಇದೆಯಾ? ಬಹುತೇಕ ಸಂಘಗಳಲ್ಲಿ ನಿವೇಶನದ ಮಾಲೀಕರಿಗೆ ಮಾತ್ರ. ಅಂದರೆ ಸಭೆಯಲ್ಲಿ ಕೂರುವವರ ಸರಾಸರಿ ವಯಸ್ಸು ಅರವತ್ತು. ಯುವಜನ ಬರುವುದಿಲ್ಲ ಅನ್ನುವ ಸಂಘ ಅವರಿಗೆ ಬಾಗಿಲೇ ಇಟ್ಟಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬಾಡಿಗೆದಾರರಿಗೆ ಸಹ ಸದಸ್ಯತ್ವ, ಕಾರ್ಯಕಾರಿ ಸಮಿತಿಯಲ್ಲಿ ಮೂವತ್ತರೊಳಗಿನ ಇಬ್ಬರಿಗೆ ಜಾಗ, ಇಷ್ಟು ತಿದ್ದುಪಡಿ ಮಾಡಿಸಿ. ನಿಮ್ಮ ಕೈಯಲ್ಲೇ ಇರುವ ಕೆಲಸ ಇದು, ಖರ್ಚಿಲ್ಲ. ನನ್ನ ಕೇಳಿದರೆ ಗಿಡ ನೆಡುವುದಕ್ಕಿಂತ ಮೊದಲು ಇದಾಗಬೇಕು.

‘ಅವರು ಹನ್ನೊಂದು ತಿಂಗಳಿದ್ದು ಹೋಗುವವರು, ಅವರಿಗೇನು ಕಾಳಜಿ’ ಅಂತ ಯಾರಾದರೂ ಹೇಳುತ್ತಾರೆ. ಹೋಗಲಿ, ಹನ್ನೊಂದು ತಿಂಗಳಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಬರುತ್ತದಲ್ಲ. ಅಷ್ಟರ ದಾಖಲೆ ಸಾಕು. ಜೊತೆಗೆ, ಅವರಲ್ಲಿ ಎಷ್ಟೋ ಜನ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ದಿನ ಹೇಗೆ ತಳ್ಳಬೇಕು, ಎರಡು ಕೊಡ ನೀರಿನಲ್ಲಿ ಮನೆ ಹೇಗೆ ನಡೆಸಬೇಕು ಅಂತ ಬೆಂಗಳೂರಿನವರು ಅವರಿಗೆ ಹೇಳಿಕೊಡಬೇಕಾಗಿಲ್ಲ. ಅವರಿಂದ ಕೇಳಿಸಿಕೊಳ್ಳಬೇಕು.

ಇನ್ನು ಡೆಲಿವರಿ ಹುಡುಗರು. ನಗರದ ಬಿಸಿಲನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ. ಮಧ್ಯಾಹ್ನ ಎರಡಕ್ಕೆ ಯಾವ ರಸ್ತೆಯಲ್ಲಿ ನೆರಳಿದೆ, ಎಲ್ಲಿ ನಿಂತರೆ ಸೆಕ್ಯೂರಿಟಿ ಓಡಿಸುವುದಿಲ್ಲ, ಎಲ್ಲಿ ಕುಡಿಯಲು ನೀರು ಸಿಗುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಒಂದು ಸಂಜೆ ಚಹಾ ಕುಡಿಸಿ ನಾಲ್ಕು ಜನರನ್ನು ಕೂರಿಸಿಕೊಂಡು ಬಡಾವಣೆಯ ನೆರಳಿನ ನಕ್ಷೆ ಬರೆಸಿ. ಅದರಲ್ಲಿ ಬೋಳಾಗಿ ಕಾಣುವ ರಸ್ತೆಯೇ ನೀವು ಗಿಡ ನೆಡಬೇಕಾದ ರಸ್ತೆ. ಈಗ ಜೂನ್ 5ರಂದು ನೆಡುತ್ತಿರುವುದು ಪಾರ್ಕಿನಲ್ಲಿ ಅಲ್ವಾ? ಅಲ್ಲಿ ಆಗಲೇ ನೆರಳಿದೆ. ಮಾರ್ಚ್‌ನಿಂದ ಮೇವರೆಗೆ ಮೂಲೆಯಲ್ಲಿ ಒಂದು ಅರವಟ್ಟಿಗೆ ಇಡಿ. ನಮ್ಮ ಊರುಗಳಲ್ಲಿ ಯಾವ ಯೋಜನೆಯೂ ಇಲ್ಲದ ಕಾಲದಿಂದ ಇದ್ದ ವ್ಯವಸ್ಥೆ ಅದು. ಎರಡು ಮಣ್ಣಿನ ಹೂಜಿ, ಒಂದು ಬೆಂಚು, ಮೇಲೊಂದು ಹಸಿರು ನೆಟ್. ನಡೆಸುವ ಪಾಳಿ ಹುಡುಗರದ್ದು.

ಶೀಟ್ ಮನೆಗಳ ವಿಷಯ ಬೇರೆ ಥರ. ತಗಡು ಅಥವಾ ಸಿಮೆಂಟ್ ಶೀಟಿನ ಕೆಳಗೆ ಹಗಲಲ್ಲಿ ಮಾತ್ರ ಅಲ್ಲ, ರಾತ್ರಿ ಹತ್ತಕ್ಕೂ ಸೆಖೆ ಇಳಿದಿರುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿದು ಬಂದ ಹುಡುಗಿಗೆ ನಿದ್ದೆ ಇಲ್ಲ. ಒಂದು ಸಾದಾ ಥರ್ಮಾಮೀಟರ್ ಆ ಮನೆಯೊಳಗೆ, ಇನ್ನೊಂದು ಆರ್‌ಸಿಸಿ ಮನೆಯೊಳಗೆ. ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಓದಿ ಬರೆದುಕೊಳ್ಳಿ. ಆಮೇಲೆ ಶೀಟಿನ ಮೇಲೆ ಬಿಸಿಲು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿದು ಮತ್ತೆ ಓದಿ. ಅಹಮದಾಬಾದ್ 2010ರ ಬಿಸಿಗಾಳಿಯಲ್ಲಿ ತುಂಬಾ ಜನರನ್ನು ಕಳೆದುಕೊಂಡ ಮೇಲೆ 2013ರಲ್ಲಿ ಬಿಸಿಲಿಗೆ ಅಂತಲೇ ಒಂದು ಕ್ರಿಯಾ ಯೋಜನೆ ಮಾಡಿತು. ಬಡವರ ಮನೆಯ ಚಾವಣಿಗೆ ಬಿಳಿ ಬಳಿಯುವ ಕೆಲಸ ಆ ನಗರದಲ್ಲಿ ದೊಡ್ಡದಾಗಿ ನಡೆಯಿತು. ಬಣ್ಣದ ಖರ್ಚಿಗೆ ಯಾವುದಾದರೂ ಕಂಪನಿಯ ಸಿಎಸ್‌ಆರ್, ಅಂದರೆ ಸಮಾಜಸೇವೆಗೆ ಇಟ್ಟ ಹಣ ಕೇಳಿ. ಆದರೆ ಮನೆಯವರನ್ನು ಕೇಳದೆ ಶೀಟಿನ ಮೇಲೆ ಹತ್ತಬೇಡಿ. ಸಿಮೆಂಟ್ ಶೀಟು ಕಾಲಿಟ್ಟರೆ ಒಡೆಯುತ್ತದೆ, ಬೀಳುತ್ತೀರಿ. ಏಣಿ ಹಾಕಿ ಉದ್ದ ಕೋಲಿನ ರೋಲರ್ ಬಳಸಬೇಕು, ಇಲ್ಲವೇ ಪೇಂಟರ್‌ಗೆ ಕೊಡಬೇಕು.

ಈಗ ಮೂರನೆಯದಕ್ಕೆ ಬರುತ್ತೇನೆ. ಉತ್ತರ ಕೊಡುವ ಅಧಿಕಾರಿ. ಜಾಸ್ತಿ ಪ್ರಯತ್ನಗಳು ಮುಗ್ಗರಿಸುವುದು ಇಲ್ಲೇ. ಹುಡುಗರು ಚೆನ್ನಾಗಿ ಸರ್ವೆ ಮಾಡುತ್ತಾರೆ, ಪಿಪಿಟಿ ಮಾಡುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಏನೂ ಆಗುವುದಿಲ್ಲ. ಒಮ್ಮೆ ಹೀಗಾದರೆ ಅವರು ಇನ್ನೊಮ್ಮೆ ಬರುವುದಿಲ್ಲ, ಬರಬಾರದು ಕೂಡ.

ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ದಾರಿ ಇದೆ. ಕುಂದಾಪುರ ಕಡೆ ಮಕ್ಕಳ ಪಂಚಾಯಿತಿಗಳು ನಡೆದ ಅನುಭವ ಇತ್ತು, 2006ರಲ್ಲಿ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಆದೇಶ ಮಾಡಿತು. ಅಲ್ಲಿ ಮಕ್ಕಳು ಪಿಡಿಒ, ಅಧ್ಯಕ್ಷರ ಎದುರೇ ನಿಂತು ಶಾಲೆ ದಾರಿಗೆ ಕಾಲುಸಂಕ ಬೇಕು, ಶೌಚಾಲಯಕ್ಕೆ ನೀರಿಲ್ಲ ಅಂತ ಕೇಳುತ್ತಾರೆ. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ, ಆದರೂ ಹೇಳುವ ಜಾಗ ಇದೆ, ಉತ್ತರ ಕೊಡಬೇಕಾದವರು ಎದುರಿಗಿದ್ದಾರೆ. ನಗರದ ವಾರ್ಡಿನಲ್ಲಿ ಬೆಳೆಯುವ ಮಗುವಿಗೆ ಅಂಥ ಜಾಗ ಇಲ್ಲ. ದೊಡ್ಡವರಿಗೇ ಸರಿಯಾಗಿ ಇಲ್ಲ ಬಿಡಿ. ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2023ರ ನವೆಂಬರ್‌ನಲ್ಲಿ ನಗರಕ್ಕೊಂದು ಹವಾಮಾನ ಕ್ರಿಯಾ ಯೋಜನೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾದರೂ ನಿಮಗೆ ಬೇಕಾದವರು ಅವರೇ: ವಾರ್ಡಿನ ಎಂಜಿನಿಯರ್, ರಾಜಕಾಲುವೆ ವಿಭಾಗದ ಎಂಜಿನಿಯರ್, ಜಲಮಂಡಳಿಯ ಉಪವಿಭಾಗದವರು. ಯಾರ ಕೈಕೆಳಗೆ ಯಾವ ಚರಂಡಿ ಅನ್ನುವ ಪಟ್ಟಿ ಮಾಡುವುದನ್ನೇ ಹುಡುಗರ ಮೊದಲ ಪರೀಕ್ಷೆ ಮಾಡಿ. ದೊಡ್ಡವರಿಗೂ ಗೊತ್ತಿಲ್ಲದ ವಿಷಯ ಅದು.

ಆಮೇಲೆ ಅವರಿಗೆ ಬರೆಯುವುದು. ಉದ್ದ ಮನವಿ ಬೇಡ. ಒಂದು ಹಾಳೆ, ಒಂದು ನಕ್ಷೆ, ಮೂರು ಫೋಟೊ, ಒಂದೇ ಬೇಡಿಕೆ. ‘ನಮ್ಮ ಪ್ರದೇಶದ ಸಮಸ್ಯೆ ಬಗೆಹರಿಸಿ’ ಅಂದರೆ ಯಾರಿಗೂ ತಟ್ಟುವುದಿಲ್ಲ. ‘ಮೂರನೇ ಕ್ರಾಸ್ ಕಲ್ವರ್ಟ್‌ನ ಬಾಯಿ ನಾಲ್ಕಡಿ, ಅದರಲ್ಲಿ ಎರಡೂವರೆ ಅಡಿ ಹೂಳಿದೆ, ಮೇ 15ರೊಳಗೆ ತೆಗೆಸಿ’ ಅಂದರೆ ಎಂಜಿನಿಯರ್ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1533 ಸಹಾಯವಾಣಿಯಲ್ಲಿ ದೂರು ದಾಖಲಿಸಿ ನಂಬರ್ ಬರೆದಿಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ, ಅದನ್ನು ಮೀರಿದರೆ ವಾಪಸ್ ಕಳಿಸಲು ನೆಪ ಸಿಗುತ್ತದೆ. ‘ಈ ಕಾಲುವೆಯ ಹೂಳೆತ್ತಲು ಈ ವರ್ಷ ಯಾರಿಗೆ ಎಷ್ಟು ಮೊತ್ತದ ಕಾರ್ಯಾದೇಶ ಕೊಟ್ಟಿದ್ದೀರಿ, ಅಳತೆ ಪುಸ್ತಕದ ಪ್ರತಿ ಕೊಡಿ’ ಅನ್ನುವುದು ಒಂದು ಒಳ್ಳೆ ಪ್ರಶ್ನೆ. ಮೊದಲ ಅರ್ಜಿಗೆ ಸಹಿ ಹಾಕಿದ ಹುಡುಗ ಆಮೇಲೆ ಬಿಡುವುದಿಲ್ಲ, ನೋಡಿ. ಉತ್ತರ ಬರುವ ಲಕೋಟೆಗೆ ಕಾಯುವುದರಲ್ಲಿ ಒಂದು ಮಜಾ ಇದೆ. ಸಹಿ ಮಾತ್ರ ಒಬ್ಬನದೇ ಆಗುವುದು ಬೇಡ. ಒತ್ತುವರಿ ವಿಷಯ ಬಂದರೆ ಅರ್ಜಿ ಸಂಘದ ಹಿರಿಯರ ಹೆಸರಿನಲ್ಲಿ ಹೋಗಲಿ. ಬೆದರಿಕೆ ಕರೆ ಬಂದರೆ ಎದುರಿಸಬೇಕಾದವರು ಹತ್ತೊಂಬತ್ತರ ಹುಡುಗಿಯಲ್ಲ.

ಸರ್ಟಿಫಿಕೇಟ್ ಸಾಕಾ ಅಂತ ಕೇಳಿದ್ದೀರಿ. ಬರೀ ಕಾಗದದ ಸರ್ಟಿಫಿಕೇಟ್‌ಗೆ ಈಗ ಬೆಲೆ ಇಲ್ಲ, ಅವರ ಫೈಲಿನಲ್ಲಿ ಆಗಲೇ ಇಪ್ಪತ್ತಿರುತ್ತವೆ. ಆದರೆ ಅವರಿಗೆ ನಿಜವಾಗಿ ಬೇಕಾದ ಲೆಕ್ಕಗಳಿವೆ. ಎನ್‌ಎಸ್‌ಎಸ್ ಸೇರಿದವರು ವರ್ಷಕ್ಕೆ 120 ಗಂಟೆ ಸೇವೆ ತೋರಿಸಬೇಕು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಡಿಗ್ರಿ ಮುಗಿಸಲು 100 ಆ್ಯಕ್ಟಿವಿಟಿ ಪಾಯಿಂಟ್ ಬೇಕು. ಈಗ ಅದನ್ನು ಹೇಗೆ ತುಂಬಿಸುತ್ತಾರೆ ಅಂತ ಯಾವುದೇ ವಿದ್ಯಾರ್ಥಿಯನ್ನು ಕೇಳಿ, ನಕ್ಕುಬಿಡುತ್ತಾರೆ. ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋಗಿ ನಿಮ್ಮ ಎರಡು ಮಳೆಗಾಲದ ಕೆಲಸವನ್ನು ಆ ಲೆಕ್ಕಕ್ಕೆ ಸೇರಿಸುವ ಒಪ್ಪಂದ ಮಾಡಿಕೊಳ್ಳಿ. ಜೂನಿಯರ್‌ಗಳಿಗೆ ಸೀನಿಯರ್‌ಗಳು ವಹಿಸಿಕೊಟ್ಟು ಹೋಗುವ ಹಾಗೆ ಮಾಡಿದರೆ ಪ್ರತಿ ವರ್ಷ ಹೊಸದಾಗಿ ಶುರು ಮಾಡುವ ಕಷ್ಟವೂ ತಪ್ಪುತ್ತದೆ.

ದುಡ್ಡು? ಓಡಾಟದ ಖರ್ಚು, ಊಟ, ಮೊಬೈಲ್ ಡೇಟಾ ಎಲ್ಲರಿಗೂ ಕೊಡಿ. ಅದರಲ್ಲಿ ಚೌಕಾಸಿ ಬೇಡ. ಮೆಟ್ರೊ ಚಾರ್ಜು ಕೈಯಿಂದ ಹಾಕಿಕೊಳ್ಳಬೇಕಾದರೆ ಉಳ್ಳವರ ಮಕ್ಕಳು ಮಾತ್ರ ಉಳಿಯುತ್ತಾರೆ. ಡೆಲಿವರಿ ಹುಡುಗ, ಗಾರ್ಮೆಂಟ್ಸ್ ಹುಡುಗಿ ಎರಡು ಗಂಟೆ ಕೂತರೆ ಎರಡು ಗಂಟೆಯ ದುಡಿಮೆ ಹೋಗುತ್ತದೆ, ಅವರಿಗೆ ಆ ಹೊತ್ತಿನ ಕೂಲಿ ಕೊಡಲೇಬೇಕು. ಪಾಲಿಕೆಗೆ ಉಪಯೋಗವಾಗುವ ನಕ್ಷೆಯನ್ನು ಪುಕ್ಕಟೆ ಮಾಡಿಸಿಕೊಂಡು ‘ಯುವಶಕ್ತಿ’ ಅಂತ ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿದರೆ ದೊಡ್ಡ ಪ್ರವಾಹ ನಿಲ್ಲುತ್ತದೆಯಾ ಅಂದರೆ, ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಅಂಥ ಮಳೆಗೆ ಬಾಟಲಿ ಮಾಪಕ ಏನೂ ಮಾಡುವುದಿಲ್ಲ. ಕಾಲುವೆ ಅಗಲ ಆಗಬೇಕು, ಕೆರೆಯ ಹೂಳೆತ್ತಬೇಕು, ತಗ್ಗಿನಲ್ಲಿ ಹೊಸ ಕಟ್ಟಡಕ್ಕೆ ಪರವಾನಗಿ ನಿಲ್ಲಬೇಕು. ಆ ಜವಾಬ್ದಾರಿ ಸರ್ಕಾರದಿಂದ ಜಾರಿ ಹುಡುಗರ ಹೆಗಲಿಗೆ ಬರಬಾರದು. ಆದರೆ ಆ ದಿನ ಬಂದಾಗ ತಯಾರಾದ ತಂಡ ಇದ್ದರೆ ವ್ಯತ್ಯಾಸ ಕಾಣುತ್ತದೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಯಾವ ರಸ್ತೆಯಲ್ಲಿ ನೀರಿದೆ ಅನ್ನುವ ನಕ್ಷೆಯನ್ನು ಜನರೇ ಗುರುತು ಹಾಕುತ್ತಾ ತುಂಬಿಸಿದರು. 2018ರ ಕೇರಳದ ಪ್ರವಾಹದಲ್ಲಿ ಸಹಾಯ ಕೇಳುವ ವೆಬ್‌ಸೈಟನ್ನು ನಡೆಸಿದವರಲ್ಲಿ ಬಹುಪಾಲು ಯುವ ಸಾಫ್ಟ್‌ವೇರ್ ಸ್ವಯಂಸೇವಕರು. ಅದಾದ ಮೇಲೆ 2020ರಲ್ಲಿ ಕೇರಳ ಸರ್ಕಾರ ಸ್ವಯಂಸೇವಕರ ಪಡೆಯನ್ನೇ ಅಧಿಕೃತವಾಗಿ ಕಟ್ಟಿತು. ಆಪತ್ತಿನ ಹೊತ್ತಲ್ಲಿ ಓಡಿ ಬಂದವರನ್ನು ಆಪತ್ತು ಮುಗಿದ ಮೇಲೂ ಹಿಡಿದಿಟ್ಟುಕೊಂಡರು ಅನ್ನುವುದು ನೋಡಬೇಕಾದ ವಿಷಯ.

ಯಾವಾಗ ಶುರು ಮಾಡಬೇಕು ಅಂದರೆ, ಜೂನ್ 5ಕ್ಕೆ ಬೇಡ. ಅಷ್ಟರಲ್ಲಿ ಮುಂಗಾರು ಬಂದಿರುತ್ತದೆ, ಪರೀಕ್ಷೆಗಳೂ ನಡೆಯುತ್ತಿರುತ್ತವೆ. ಫೆಬ್ರವರಿಯಲ್ಲಿ ಮೊದಲ ಸಭೆ ಕರೆಯಿರಿ, ತಾರಸಿ ಲೆಕ್ಕ ಮಾಡಿಸಿ. ಮಾರ್ಚ್‌ನಲ್ಲಿ ಅರವಟ್ಟಿಗೆ, ಥರ್ಮಾಮೀಟರ್. ಏಪ್ರಿಲ್ ಮೊದಲ ವಾರ ಕಾಲುವೆ ನಡಿಗೆ, ಅದೇ ತಿಂಗಳು ಎಂಜಿನಿಯರ್ ಜೊತೆ ಕೂತು ಹೂಳಿನ ಪಟ್ಟಿ ಕೈಗೆ ಕೊಡುವುದು. ಮೇ ಮಳೆಗೆ ಬಾಟಲಿಗಳು ತಾರಸಿ ಮೇಲೆ ಇರಲಿ. ಬೆಂಗಳೂರಿನ ಜಾಸ್ತಿ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ನಲ್ಲಿ, ಅದರಲ್ಲೂ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಕಾಲೇಜು ಸೆಮಿಸ್ಟರ್ ಬದಲಾಗುವಾಗ ತಂಡ ಒಡೆಯದ ಹಾಗೆ ಜುಲೈನಲ್ಲೇ ಹೊಸಬರನ್ನು ಸೇರಿಸಿಕೊಳ್ಳಿ. ಮೊದಲ ವರ್ಷ ಹತ್ತು ಜನ ಸಾಕು, ಅದರಲ್ಲಿ ನಾಲ್ಕು ಜನ ನಿಮ್ಮ ಪಿಜಿಗಳವರು ಇರಲಿ. ಬೈಲಾ ತಿದ್ದುಪಡಿಯ ಕರಡು ಬೇಕಿದ್ದರೆ ಬರೆಯಿರಿ, ಕಳಿಸಿಕೊಡುತ್ತೇನೆ.